ಮದುವೆಮನೆಯಲ್ಲಿ ‘ಅರ್ಧ ಬಟ್ಟಲು’

ಬೆಟ್ಟಕ್ಕೂ ಸರೋವರಕ್ಕೂ ನಡುವಿನ ಕರಕೋಲ್ ಊರಿನ ನಮ್ಮ ವಾರಪತ್ರಿಕೆಯಲ್ಲಿ ಪುಟ ಕಟ್ಟುವ ಕೆಲಸ ನನ್ನದು, ಕೊನೆಯ ಪುಟವನ್ನು ತುಂಬಿಸುವ ಕೆಲಸ ಜಿಪಾರ್‌ಳದು. ಆ ಪುಟದ ಕೆಳಮೂಲೆಯಲ್ಲಿ ಟೈರ್ ಅಂಗಡಿಯ ಶೈಲೋಬೆಕ್‌ನ ಜಾಹೀರಾತಿಗೆಂದು ಅಂಗೈಯಗಲ ಜಾಗ ಬಿಟ್ಟಿರುತ್ತಿದ್ದೆವು. ಶೈಲೋಬೆಕ್ ಒಳ್ಳೆಯ ಮನುಷ್ಯ, ಆದರೆ ಮಹಾ ಮರೆಗುಳಿ. ಜಾಹೀರಾತು ಒಂದು ವಾರ ಬಂದರೆ ಇನ್ನೆರಡು ವಾರ ಇಲ್ಲ. ಪುಟ ಪ್ರೆಸ್ಸಿಗೆ ಹೊರಡುವ ಹೊತ್ತಿಗೆ ಆ ಮೂಲೆ ಬೋಳಾಗಿ ನಮ್ಮನ್ನೇ ನೋಡುತ್ತಿತ್ತು.

ಮೊದಮೊದಲು ಅಲ್ಲಿ ಹವಾಮಾನ ಹಾಕಿದೆವು, ಉಪ್ಪಿನಕಾಯಿ ಹಾಕುವ ವಿಧಾನ ಹಾಕಿದೆವು. ಒಂದು ವಾರ ಜಿಪಾರ್‌ಗೆ ಬೇಜಾರು ಬಂದು, “ಈ ಮೂಲೆಯೊಳಗೆ ಹಿಡಿಸುವ ಕಥೆ ನಿಮ್ಮ ಹತ್ತಿರ ಇದ್ದರೆ ಕಳಿಸಿ, ಒಂದು ಸಾಲು ಹೆಚ್ಚಾದರೂ ಬೇಡ” ಎಂದು ಓದುಗರಿಗೆ ಬರೆದಳು. ಯಾರು ಕಳಿಸುತ್ತಾರೆ ಎಂದು ನಾನು ನಕ್ಕೆ. ಕಳಿಸಿದರು. ವ್ಯಾನ್ ಓಡಿಸುವವರು, ಲೆಕ್ಕದ ಮೇಷ್ಟರು, ಸರೋವರದಲ್ಲಿ ಮೀನು ಹಿಡಿಯುವವರು, ಹಲ್ಲಿನ ಆಸ್ಪತ್ರೆಯ ನರ್ಸ್, ಹೀಗೆ ಯಾರು ಯಾರೋ. ಎರಡು ಮೂರು ವರ್ಷಗಳಲ್ಲಿ ಅದು ಒಂದು ಪುಸ್ತಕಕ್ಕಾಗುವಷ್ಟಾಯಿತು. ರಾಜಧಾನಿ ಬಿಷ್ಕೆಕ್‌ನ ಒಬ್ಬ ಪ್ರಕಾಶಕ ಅಚ್ಚು ಹಾಕಿಕೊಡಲು ಒಪ್ಪಿದ, ಆದರೆ ಮಾರುವ ಜವಾಬ್ದಾರಿ ನಿಮ್ಮದೇ ಎಂದ. ಪುಸ್ತಕಕ್ಕೆ ಜಿಪಾರ್ ‘ಅರ್ಧ ಬಟ್ಟಲು’ ಎಂದು ಹೆಸರಿಟ್ಟಳು. ನಮ್ಮಲ್ಲಿ ಅತಿಥಿಗೆ ಚಹಾದ ಬಟ್ಟಲನ್ನು ತುಂಬಿ ಕೊಟ್ಟರೆ ಕುಡಿದು ಹೊರಡು ಎಂದರ್ಥ. ಅರ್ಧ ಕೊಟ್ಟರೆ, ಕೂತಿರು, ಮತ್ತೆ ಹಾಕುತ್ತೇನೆ ಎಂದು.

ಪುಸ್ತಕದ ಬಿಡುಗಡೆ ಗ್ರಂಥಾಲಯದಲ್ಲಿ ಆಯಿತು. ಅದನ್ನು ನೆನೆದರೆ ಈಗಲೂ ನನಗೆ ಆಕಳಿಕೆ ಬರುತ್ತದೆ. ಕಿರಿದರಲ್ಲಿ ಹಿರಿದನ್ನು ಹೇಳುವುದು ಎಷ್ಟು ಕಷ್ಟ ಎಂಬ ವಿಷಯವಾಗಿ ಮುಖ್ಯ ಅತಿಥಿ ಮಾತಾಡಲು ನಿಂತರು. ಎಷ್ಟು ಕಷ್ಟ ಎಂಬುದನ್ನು ಸ್ವತಃ ತೋರಿಸಿಯೂ ಬಿಟ್ಟರು. ಅವರಾದ ಮೇಲೆ ಇನ್ನೊಬ್ಬರು, ಅವರಾದ ಮೇಲೆ ಮತ್ತೊಬ್ಬರು. ಒಂದೇ ಒಂದು ಕಥೆ ಓದುವ ಮೊದಲೇ ಅರ್ಧ ಜನ ಕೊನೆಯ ವ್ಯಾನ್ ಹಿಡಿಯಲು ಎದ್ದುಹೋದರು. ಉಳಿದರ್ಧ ಜನ ಆ ಕಥೆಗಳನ್ನು ಬರೆದವರೇ.

ಮಾರಾಟವಾಗದ ಪುಸ್ತಕಗಳೆಲ್ಲ ಜಿಪಾರ್‌ಳ ಗಂಡ ಮೆದೆರ್‌ನ ಕಾರಿನ ಡಿಕ್ಕಿ ಸೇರಿದವು.

“ಆಲೂಗಡ್ಡೆ ಎಲ್ಲಿಡಲಿ ನಾನು?” ಎಂದ ಮೆದೆರ್. ಅವನು ಹಳ್ಳಿಯಿಂದ ಸಂತೆಗೆ ಆಲೂಗಡ್ಡೆ ತರುವವನು.

“ಮಡಿಲಲ್ಲಿ ಇಟ್ಕೊ,” ಎಂದಳು ಜಿಪಾರ್.

ಮಾಡದ ಪ್ರಯತ್ನವಿಲ್ಲ. ಒಂದೊಂದು ಕಥೆಯನ್ನು ದೊಡ್ಡಕ್ಷರದಲ್ಲಿ ಅಚ್ಚು ಮಾಡಿ ವ್ಯಾನ್ ನಿಲ್ದಾಣಗಳಲ್ಲಿ ಅಂಟಿಸಿದೆವು. ಬೆಳಗಾಗುವುದರಲ್ಲಿ ಅದರ ಮೇಲೆ ‘ಒಣ ಸೌದೆ ಸಿಗುತ್ತದೆ’ ಎಂಬ ಚೀಟಿ. ಭಾನುವಾರದ ಜಾನುವಾರು ಸಂತೆಯಲ್ಲಿ ಮೇಜು ಹಾಕಿ ಕೂತೆವು. ಜನ ಬಂದರು, ಪುಸ್ತಕ ಎತ್ತಿ ತೂಕ ನೋಡಿದರು, “ಇಷ್ಟು ಸಣ್ಣ ಕಥೆಗೆ ಇಷ್ಟು ದಪ್ಪ ಪುಸ್ತಕ ಯಾಕೆ?” ಎಂದು ಕೇಳಿ ಕುರಿಗಳ ಕಡೆ ಹೋದರು. ಒಬ್ಬ ಮುದುಕ ಅಲ್ಲೇ ನಿಂತು ಐದಾರು ಕಥೆ ಓದಿದ, ಚೆನ್ನಾಗಿದೆ ಎಂದು ತಲೆದೂಗಿದ, ಪುಸ್ತಕವನ್ನು ಇದ್ದಲ್ಲೇ ಇಟ್ಟ. ಕಥೆ ಇಷ್ಟು ಚಿಕ್ಕದಾದರೆ ನಿಂತಲ್ಲೇ ಓದಿ ಮುಗಿಸಬಹುದು, ಕೊಳ್ಳುವುದೇಕೆ ಎಂಬ ಸತ್ಯ ನಮಗೆ ಅವತ್ತು ಹೊಳೆಯಿತು.

ಆಗ ಬಂದವರು ಬೇಶೆನ್ ಬಾಯ್ಕೆ.

ಬಾಯ್ಕೆ ಎಂದರೆ ನಮ್ಮಲ್ಲಿ ಹಿರಿಯಣ್ಣ. ಬೇಶೆನ್ ಬಾಯ್ಕೆ ನಮ್ಮ ಸೀಮೆಯ ತಮಾದಾ. ಮದುವೆಯಾಗಲಿ, ಅರವತ್ತರ ಹುಟ್ಟುಹಬ್ಬವಾಗಲಿ, ಔತಣದಲ್ಲಿ ಎದ್ದು ನಿಂತು ಮಾತಿನಿಂದ ಸಭೆಯನ್ನು ಕಟ್ಟಿ ನಡೆಸುವ ಯಜಮಾನ. ಎತ್ತರದ ಆಳು, ಎದೆ ಮುಟ್ಟುವ ಗಡ್ಡ, ಗುಡ್ಡದಾಚೆಗೂ ಕೇಳುವ ಕಂಠ. ಯಾರ ಬಗ್ಗೆ ಮಾತಾಡಿದರೂ ಅವರ ಏಳು ತಲೆಮಾರಿನಿಂದ ಶುರು. ಒಂದೊಂದು ತಲೆಮಾರಿಗೂ ಒಂದೊಂದು ಕುದುರೆ. ಒಂದು ಕಾಲಕ್ಕೆ ಅವರು ಬಿಡುವಿದ್ದ ದಿನ ನೋಡಿ ಜನ ಮದುವೆ ಇಡುತ್ತಿದ್ದರು. ಈಚೆಗೆ ಬಣ್ಣದ ದೀಪ, ಹೊಗೆ ಯಂತ್ರ ತರುವ ಹೊಸ ಹುಡುಗರು ಬಂದ ಮೇಲೆ ಇವರನ್ನು ಕರೆಯುವವರು ಕಡಿಮೆಯಾಗಿದ್ದರು.

“ಏನಮ್ಮ ಜಿಪಾರ್, ಪುಸ್ತಕ ಹೋಗ್ತಾ ಇಲ್ವಂತೆ,” ಎನ್ನುತ್ತ ನಮ್ಮ ಕಚೇರಿಗೆ ಬಂದು ಕೂತರು. “ಕಥೆ ಅನ್ನೋದು ಮೇಜಿನ ಮೇಲಿಟ್ರೆ ಯಾರು ತಗೋತಾರೆ ಮಗಳೇ? ಬಾಯಲ್ಲಿಡಬೇಕು. ಒಂದು ಪ್ರತಿ ಕೊಡು. ಔತಣದಲ್ಲಿ ನಾನು ಹೇಳ್ತೀನಿ. ಜನ ಎದ್ದು ಬಂದು ಕೊಂಡ್ಕೋತಾರೆ.”

“ಬಾಯ್ಕೆ, ಇವು ಚಿಕ್ಕ ಕಥೆಗಳು,” ಎಂದಳು ಜಿಪಾರ್, ಹೆದರಿ.

“ಅದೇನು ಮಹಾ. ಚಿಕ್ಕದಾಗೇ ಹೇಳ್ತೀನಿ.”

ನಾನು ಪರದೆಯ ಕಡೆ ತಿರುಗಿ ಪುಟ ಕಟ್ಟುವವನಂತೆ ನಟಿಸಿದೆ.

ನಿವೃತ್ತ ಪಶುವೈದ್ಯರೊಬ್ಬರ ಹುಟ್ಟುಹಬ್ಬದಲ್ಲಿ ಬಾಯ್ಕೆ ಮೊದಲ ಕಥೆ ಹೇಳಿದರು. ಆರಿಸಿದ್ದು ಕಾಲಿಪಾ ಎಜೆಯ ಕಥೆ. ಕಾಲಿಪಾ ಎಜೆ ಎಂದರೆ ಆಗಲೇ ಹೇಳಿದೆನಲ್ಲ, ಹಲ್ಲಿನ ಆಸ್ಪತ್ರೆಯ ನರ್ಸ್. ಅಕ್ಕನಿಗೆ ನಾವು ಎಜೆ ಎನ್ನುತ್ತೇವೆ. ಐವತ್ತರ ಆಸುಪಾಸು, ಮಾತು ಕಡಿಮೆ. ಅವರು ಜೀವನದಲ್ಲಿ ಬರೆದದ್ದು ಅದೊಂದೇ ಕಥೆ. ಅದು ಹೀಗಿದೆ:

‘ಅಪ್ಪ ಕುದುರೆ ಮಾರಿ ಬಂದ. ಕತ್ತಲಾದ ಮೇಲೆ ಅಂಗಳದಲ್ಲಿ ಗೊರಸಿನ ಸದ್ದು. ಅಪ್ಪ ಎದ್ದು ಹೋಗಿ ಅದರ ಕುತ್ತಿಗೆ ಸವರಿದ. “ಬೆಳಗ್ಗೆ ನಿನ್ನ ಬಿಟ್ಟುಬರ್ತೀನಿ” ಅಂದ. ಬೆಳಗ್ಗೆ ನೋಡಿದರೆ ಇಬ್ಬರೂ ಇರಲಿಲ್ಲ.’

ಅಷ್ಟೇ. ಬಾಯ್ಕೆಯ ಬಾಯಲ್ಲಿ ಈ ಕಥೆ ಕುದುರೆಯ ತಾಯಿಯಿಂದ ಶುರುವಾಯಿತು. ಬರಗಾಲದ ಚಳಿಗಾಲ ಬಂತು, ಜಿಪುಣ ಸಾಹುಕಾರ ಬಂದ, ಕಣಿವೆಯಲ್ಲಿ ತೋಳಗಳು ಬಂದವು. ಮೇಜಿನ ಮೇಲೆ ಮಾಂಸ ತಣ್ಣಗಾಗಿ ಕೊಬ್ಬು ಬೆಳ್ಳಗೆ ಗಟ್ಟಿಯಾಯಿತು. ಕೊನೆಗೆ, ಎಲ್ಲರೂ ಕೈಬಿಟ್ಟಿದ್ದ ಅಪ್ಪ ಅದೇ ಕುದುರೆಯ ಮೇಲೆ ಕೂತು, ಮನೆಮಂದಿಗೆಲ್ಲ ಹೊಸ ಕೋಟು ಹೊತ್ತುಕೊಂಡು, ಮಗಳ ಮದುವೆಯ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಬಂದಿಳಿದ. ಸಭೆ ಚಪ್ಪಾಳೆ ತಟ್ಟಿತು. ಮೂಲೆಯ ಮೇಜಿನಲ್ಲಿದ್ದ ಕಾಲಿಪಾ ಎಜೆ ತಮ್ಮ ಪಾಲಿಗೆ ಬಂದ ಮಾಂಸವನ್ನು ಮುಟ್ಟದೆ ಎದ್ದು ಹೋದರು. ನಮ್ಮಲ್ಲಿ ಪಾಲು ಬಿಟ್ಟು ಏಳುವುದು ಚಿಕ್ಕ ವಿಷಯವಲ್ಲ. ಬಾಯ್ಕೆ ಅದನ್ನು ಗಮನಿಸಲೇ ಇಲ್ಲ. ಪುಸ್ತಕವನ್ನು ಯಾರೂ ಕೇಳಲೂ ಇಲ್ಲ. ಅಷ್ಟು ಉದ್ದಕ್ಕೆ ಕೇಳಿದ ಮೇಲೆ ಓದುವುದಕ್ಕೆ ಇನ್ನೇನು ಉಳಿದಿರುತ್ತದೆ?

ಮಾರನೆಯ ದಿನ ಎಜೆ ಕಚೇರಿಗೆ ಬಂದರು. ಕೋಟು ಬಿಚ್ಚಲಿಲ್ಲ.

“ನನ್ನ ಕಥೆ ಪುಸ್ತಕದಿಂದ ತೆಗೆದುಬಿಡು ಜಿಪಾರ್.”

“ಎಜೆ, ಅಚ್ಚಾಗಿ ಹೋಗಿದೆಯಲ್ಲ.”

“ಹಾಗಾದ್ರೆ ಹರಿದುಹಾಕ್ತೀನಿ. ಎಲ್ಲಿವೆ?”

“ಕೂತ್ಕೊಳ್ಳಿ ಎಜೆ. ಬಾಯ್ಕೆ ಸ್ವಲ್ಪ ಎಳೆದ್ರು, ಒಪ್ತೀನಿ. ಅವರ ಸ್ವಭಾವವೇ ಹಾಗೆ.”

“ಎಳೀಲಿ. ತೋಳ ಬರಲಿ, ಕರಡಿ ಬರಲಿ, ನಂಗೇನು. ಆದ್ರೆ ಅಪ್ಪನ್ನ ಯಾಕೆ ವಾಪಸ್ ಕರ್ಕೊಂಡು ಬಂದ ಆ ಮನುಷ್ಯ?” ಎಜೆಯ ದನಿ ಏರಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಬಂದವರ ಹತ್ತಿರ ಮಾತಾಡುವ ಹಾಗೇ ಮಾತಾಡುತ್ತಿದ್ದರು. “ನಮ್ಮವ್ವ ಸಾಯೋವರೆಗೂ ಬಾಗಿಲ ಕಡೆ ಕಾಲು ಹಾಕಿ ಮಲಗ್ತಿರಲಿಲ್ಲ, ಬರ್ತಾರೆ ಅಂತ. ನಾವು ಇಷ್ಟು ವರ್ಷ ಕಾದ್ರೂ ಬರದವನನ್ನ ಇವನು ಒಂದು ಊಟದೊಳಗೆ ಕರ್ಕೊಂಡು ಬಂದ. ಜತೆಗೆ ಎಲ್ಲರಿಗೂ ಕೋಟು ಬೇರೆ.”

ಆ ಕಥೆಯನ್ನು ನಾವು ಮೂರು ಸಲ ತಿದ್ದಿದ್ದೆವು. ಅದು ನಡೆದದ್ದು ಎಂದು ನಮಗೆ ಗೊತ್ತಿರಲಿಲ್ಲ.

ಮೇಜಿನ ಮೇಲೆ ಒಂದು ಪ್ರತಿ ಇತ್ತು. ಎಜೆ ಅದನ್ನೆತ್ತಿ ತಮ್ಮ ಪುಟ ಹುಡುಕಿದರು. ಹರಿಯಲು ಮೂಲೆ ಹಿಡಿದವರು ಹಾಳೆ ಮಗುಚಿ ನೋಡಿದರು. ಆ ಕಡೆಗೆ ಇನ್ಯಾರದೋ ಕಥೆ ಇತ್ತು. ನಿಂತೇ ಓದಿದರು.

‘ಅತ್ತೆ ಸೊಸೆಗೆ ಮಾತು ಬಿಟ್ಟು ವರ್ಷಗಳಾಗಿದ್ದವು. ಏನಿದ್ದರೂ ಬೆಕ್ಕಿನ ಮೂಲಕ. “ಹೋಗಿ ಅವಳಿಗೆ ಹೇಳು, ಚಹಾ ಆಗಿದೆ.” “ಅವರಿಗೆ ಹೇಳು, ನಂಗೆ ಬೇಡ.” ಬೆಕ್ಕು ಸತ್ತಿತು. ಇಬ್ಬರೂ ಅಕ್ಕಪಕ್ಕ ಕೂತು ಅತ್ತರು. ಕಣ್ಣೊರೆಸಿಕೊಂಡು ಅತ್ತೆ ಕೇಳಿದಳು, “ಈಗೇನು ಮಾಡೋದು?”’

ಎಜೆಯ ತುಟಿಯ ಒಂದು ಕೊನೆ ಅಲುಗಿತು. ನಗಬಾರದೆಂದು ಮಾಡಿದ ಪ್ರಯತ್ನ ನಮಗೆ ಕಾಣುತ್ತಿತ್ತು.

“ಇದನ್ನ ಹರಿಯೋಕಾಗಲ್ಲ,” ಎಂದು ಪುಸ್ತಕ ಕೆಳಗಿಟ್ಟರು. “ಆದ್ರೆ ಆ ಗಡ್ಡದವನ ಬಾಯಿಗೆ ನನ್ನ ಕಥೆ ಬೀಳಬಾರದು. ಹೇಳಿಬಿಡು.”

ಜಿಪಾರ್ ಹೇಳಿದಳು. ಬೇಶೆನ್ ಬಾಯ್ಕೆ ಕೇಳಿ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತರು. ಅವರು ಮಾತಾಡದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ, “ನಾನೇ ಹೋಗಿ ಕ್ಷಮೆ ಕೇಳ್ತೀನಿ,” ಎಂದು ಎದ್ದರು.

ಹೋದರು. ಆದರೆ ಹಲ್ಲಿನ ಆಸ್ಪತ್ರೆಯಲ್ಲಿ ಸುಮ್ಮನೆ ಮಾತಾಡಿ ಬರಲು ಯಾರು ಬಿಡುತ್ತಾರೆ? ಹೊಸ ಡಾಕ್ಟರಮ್ಮ ಇವರನ್ನು ರೋಗಿ ಎಂದುಕೊಂಡು ಕುರ್ಚಿಯಲ್ಲಿ ಕೂರಿಸಿ ಬಾಯಿ ತೆಗೆಸಿದಳು. ಒಳಗೆ ಒಂದು ದವಡೆ ಹಲ್ಲು ನಿಜವಾಗಿಯೂ ಕೊಳೆತಿತ್ತು. ಕ್ಷಮೆಯ ಮಾತನ್ನು ಏಳು ತಲೆಮಾರಿನಿಂದ ಹೊಂದಿಸಿಕೊಂಡು ಹೋಗಿದ್ದ ಮನುಷ್ಯ ಒಂದಕ್ಷರ ಆಡುವ ಮೊದಲೇ ಇಂಜೆಕ್ಷನ್ ಚುಚ್ಚಿಸಿಕೊಂಡ. ಇಕ್ಕಳ ಕೈಗೆ ಕೊಟ್ಟವರು ಕಾಲಿಪಾ ಎಜೆಯೇ.

ಹಲ್ಲು ಕಿತ್ತು ಬಂದ ಮೇಲೆ ಎಜೆ ಅವರ ಬಾಯಿಗೆ ಹತ್ತಿ ಇಟ್ಟರು.

“ತಪ್ಪಾಯ್ತು,” ಎಂದರು ಬಾಯ್ಕೆ, ಹತ್ತಿಯ ಸಂದಿಯಿಂದ.

“ಮಾತಾಡಬೇಡಿ ಬಾಯ್ಕೆ. ಕಚ್ಚಿ ಹಿಡ್ಕೊಳ್ಳಿ.”

“ನಂಗೆ ನಿಲ್ಲಿಸೋಕೆ ಭಯ.”

“ಏನು?”

“ನಿಲ್ಲಿಸಿದ್ರೆ... ಜನ ಎದ್ದು ಹೋಗ್ತಾರೆ.”

ಎಜೆ ಅವರ ಮುಖ ನೋಡಿದರು. ಕೆನ್ನೆ ಊದಿತ್ತು, ಕಣ್ಣಲ್ಲಿ ನೀರಿತ್ತು. ನೀರು ಹಲ್ಲಿನದೋ ಬೇರೆಯದೋ ಹೇಳಲು ಬರುವಂತಿರಲಿಲ್ಲ ಎಂದು ಎಜೆ ಆಮೇಲೆ ನಮಗೆ ಹೇಳಿದರು. “ಬಿಸಿ ಚಹಾ ಕುಡೀಬೇಡಿ, ಒಂದು ವಾರ ಜಾಸ್ತಿ ಬಾಯಿ ತೆರೀಬೇಡಿ,” ಎಂದಷ್ಟೇ ಹೇಳಿ ಕಳಿಸಿದರಂತೆ.

ಆ ವಾರದೊಳಗೇ ಶೈಲೋಬೆಕ್‌ನ ಮಗನ ಮದುವೆ ಬಂತು.

ಜನವರಿಯ ಗಾಳಿ ಕಣಿವೆಯಿಂದ ಇಳಿದು ಊರನ್ನು ಅಲ್ಲಾಡಿಸುತ್ತಿತ್ತು. ಸರೋವರದ ರಸ್ತೆಯ ದೊಡ್ಡ ಮದುವೆ ಹಾಲ್‌ನಲ್ಲಿ ಊರಿಗೆ ಊರೇ ನೆರೆದಿತ್ತು. ಹೆಣ್ಣಿನ ಕಡೆಯವರು ನರೀನ್ ಕಡೆಯ ಅತ್-ಬಾಶಿಯಿಂದ ಹಿಮದ ದಾರಿಯಲ್ಲಿ ಬಂದಿದ್ದರು. ಬೀಗರನ್ನು ಮುಂದಿನ ಗೌರವದ ಮೇಜುಗಳಲ್ಲಿ ಕೂರಿಸಿದ್ದರು. ಬಿಳಿ ಟೋಪಿಯ ಮುದುಕರು, ನಗದ ಮುಖಗಳು. ಶೈಲೋಬೆಕ್ ಈ ಸಲ ಬೇಶೆನ್ ಬಾಯ್ಕೆಯನ್ನು ತಮಾದಾ ಎಂದು ಕರೆದಿರಲಿಲ್ಲ, ಬರೀ ಅತಿಥಿ. ಮಾತಿನ ಯಜಮಾನಿಕೆ ಬಿಷ್ಕೆಕ್‌ನಿಂದ ಬಂದ ಕುಬಾತ್ ಎಂಬ ತರುಣನದು. ಹೊಳೆಯುವ ಅಂಗಿ, ಕಿವಿಗೆ ಸಿಕ್ಕಿಸಿದ ಮೈಕು, ಹೊಗೆ ಯಂತ್ರ, ಗೋಡೆಯ ತುಂಬ ಓಡಾಡುವ ದೀಪಗಳು. ಬಾಯ್ಕೆ ನಮ್ಮ ಮೇಜಿನಲ್ಲಿ ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು, ಸಣ್ಣಗೆ ಕತ್ತರಿಸಿದ ಶ್ಯಾವಿಗೆಯನ್ನು ಒಂದೇ ಕಡೆಯಿಂದ ಅಗಿಯುತ್ತ ಕೂತಿದ್ದರು.

ಮೊದಲ ಸುತ್ತು ಮಾಂಸ ಬಂದು ಮುಗಿದಿತ್ತು. ಕುಬಾತ್ ಬೀಗರನ್ನು ಕುಣಿಯಲು ಕರೆಯುತ್ತಿದ್ದ. ಆಗ ಕರೆಂಟು ಹೋಯಿತು.

ಹೊರಗಿನ್ನೂ ಬೆಳಕಿತ್ತು, ಆದರೆ ಆ ಹಾಲ್‌ಗೆ ಕಿಟಕಿಗಳೇ ಕಡಿಮೆ, ಇದ್ದವನ್ನೂ ಜರಿಯ ಪರದೆ ಹೊದಿಸಿ ಮುಚ್ಚಿದ್ದರು. ಸಂಗೀತ ನಿಂತಿತು, ದೀಪ ನಿಂತಿತು, ಹೊಗೆ ಯಂತ್ರ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಜನರೇಟರ್ ಇದೆ ಎಂದರು. ಇತ್ತು, ಆದರೆ ಚಳಿಗೆ ಡೀಸೆಲ್ ಗಂಜಿಯಾಗಿತ್ತು. ಕುಬಾತ್ ಮೈಕಿಲ್ಲದೆ ಏನೋ ಕೂಗಿದ. ಅವನ ದನಿ ಎರಡನೆಯ ಮೇಜನ್ನೂ ತಲುಪಲಿಲ್ಲ. ಕತ್ತಲಲ್ಲಿ ಚಮಚದ ಸದ್ದು, ಮಕ್ಕಳ ಅಳು. ಬೀಗರ ಮೇಜಿನಲ್ಲಿ ಯಾರೋ ಕುರ್ಚಿ ಹಿಂದಕ್ಕೆ ಸರಿಸಿದ ಸದ್ದು. ಬೀಗರು ಅರ್ಧದಲ್ಲಿ ಎದ್ದರೆ ಆ ಮಾತು ಹೊಸ ಹುಡುಗಿ ಮುದುಕಿಯಾಗುವವರೆಗೂ ಮನೆಯೊಳಗೆ ಓಡಾಡುತ್ತದೆ.

ಶೈಲೋಬೆಕ್ ತಡವರಿಸುತ್ತ ನಮ್ಮ ಮೇಜಿಗೆ ಬಂದ. “ಬಾಯ್ಕೆ, ಏನಾದ್ರೂ ಹೇಳಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಬಾಯ್ಕೆ ತಮ್ಮ ಕೆನ್ನೆ ತೋರಿಸಿದರು. ಕತ್ತಲಲ್ಲಿ ಅದು ಯಾರಿಗೂ ಕಾಣಲಿಲ್ಲ.

“ಹಲ್ಲು ಕಿತ್ತಿದಾರೆ,” ಎಂದೆ ನಾನು. “ಜಾಸ್ತಿ ಮಾತಾಡೋಹಾಗಿಲ್ಲ.”

ಜಿಪಾರ್ ಆಗಲೇ ಕೈಚೀಲದಿಂದ ಪುಸ್ತಕ ತೆಗೆದಿದ್ದಳು. ಮೊಬೈಲಿನ ಬೆಳಕು ಹಾಕಿ ಒಂದು ಪುಟ ತೆರೆದು ಬಾಯ್ಕೆಯ ಮುಂದೆ ಹಿಡಿದಳು. “ಇಷ್ಟೇ. ಇದಕ್ಕಿಂತ ಒಂದು ಮಾತೂ ಬೇಡ. ನಿಮ್ಮ ದವಡೆಗೂ ಒಳ್ಳೇದು.”

ಬಾಯ್ಕೆ ಎದ್ದು ಬೀಗರ ಮೇಜಿನ ಹತ್ತಿರ ಹೋದರು. ಪುಸ್ತಕ ಹಿಡಿದ ಜಿಪಾರ್, ಅವಳ ಹಿಂದೆ ನಾನು. ಕುಬಾತ್ ತನ್ನ ಮೊಬೈಲಿನಿಂದ ಅವರ ಮುಖಕ್ಕೆ ಬೆಳಕು ಹಿಡಿದ. ಗಡ್ಡದ ಮೇಲೆ ಒಂದು ಕೆನ್ನೆ ಬನ್ನಿನ ಹಾಗೆ ಉಬ್ಬಿದ್ದು ನೋಡಿ ಬೀಗರ ಹೆಂಗಸರು ಆಗಲೇ ಮುಸಿಮುಸಿ ನಕ್ಕರು. ಬಾಯ್ಕೆ ಏಳು ತಲೆಮಾರನ್ನು ಬಿಟ್ಟು ನೇರವಾಗಿ ಶುರು ಮಾಡಿದರು.

“ಅಜ್ಜಿ ಮೊದಲ ಸಲ ವಿಮಾನ ಹತ್ತಿದಳು. ಮೇಲೆ ಹೋದ ಮೇಲೆ ಗಾಬರಿಯಾಗಿ, ‘ನನ್ನ ಕುರಿ ಯಾರು ನೋಡ್ಕೋತಿದಾರೆ?’ ಅಂದಳು. ಪಕ್ಕದ ಸೀಟಿನವನು, ಅವಳನ್ನ ಹಿಂದೆಂದೂ ನೋಡದವನು, ‘ನನ್ನ ತಮ್ಮ’ ಅಂದ. ಅಜ್ಜಿ ನಿದ್ದೆ ಹೋದಳು.”

ಬಾಯ್ಕೆ ನಿಲ್ಲಿಸಿದರು. ನೋವು ಅವರನ್ನು ನಿಲ್ಲಿಸಿತು. ನಿಂತ ತಕ್ಷಣ ಅವರ ಕಣ್ಣಲ್ಲಿ ಒಂದು ಹೆದರಿಕೆ ಹಾದುಹೋದದ್ದು ನನಗೆ ಕಂಡಿತು. ಆಮೇಲೆ ಬೀಗರ ಮೇಜು ನಕ್ಕಿತು. ಟೋಪಿ ಹಾಕಿದ ಒಬ್ಬ ಮುದುಕ ಮೇಜು ಬಡಿದು, “ನನ್ನ ತಮ್ಮ ಅಂದನಂತೆ,” ಎಂದು ತನ್ನಷ್ಟಕ್ಕೇ ಇನ್ನೊಮ್ಮೆ ಹೇಳಿಕೊಂಡ.

ಹಿಂದಿನ ಮೇಜಿನವರಿಗೆ ಕೇಳಿಸಿರಲಿಲ್ಲ. “ಏನಂದ್ರು? ಏನಂದ್ರು?” ಎಂದರು. ಮುಂದಿನವರು ತಿರುಗಿ ಅವರಿಗೆ ಹೇಳಿದರು. ಅವರು ನಕ್ಕು ಇನ್ನೂ ಹಿಂದಿನವರಿಗೆ ಹೇಳಿದರು. ನಗು ಮೇಜಿನಿಂದ ಮೇಜಿಗೆ ಕತ್ತಲಲ್ಲಿ ನಡೆದುಕೊಂಡು ಹೋಗಿ ಹಾಲ್‌ನ ಕೊನೆಯ ಗೋಡೆ ಮುಟ್ಟಿತು. ಅಷ್ಟರಲ್ಲಿ ಬಾಯ್ಕೆ ತಣ್ಣೀರು ಮುಕ್ಕಳಿಸಿ ಬೆಕ್ಕಿನ ಕಥೆ ಹೇಳಿ ಮುಗಿಸಿದ್ದರು. ಹಾಗಾಗಿ ಎರಡು ನಗು ಒಂದರ ಹಿಂದೊಂದು ಹಾಲ್‌ನಲ್ಲಿ ಓಡಾಡತೊಡಗಿದವು. ಹೊಸ ಸೊಸೆಯ ಪಕ್ಕ ಕೂತಿದ್ದ ಶೈಲೋಬೆಕ್‌ನ ಹೆಂಡತಿ ಅವಳ ಕಡೆ ಬಾಗಿ, “ನಮ್ಮನೇಲಿ ಬೆಕ್ಕಿಲ್ಲ ಕಣೆ. ಏನಿದ್ರೂ ನಂಗೇ ಹೇಳು,” ಎಂದಳು. ಅದೂ ಒಂದು ಕಥೆಯಾಗಿ ಹಿಂದಿನ ಮೇಜುಗಳಿಗೆ ಹೋಯಿತು.

ಹಿಮದಲ್ಲಿ ಸಿಕ್ಕಿಕೊಂಡು ಅಳಗುಳಿಮಣೆಯಂಥ ಆಟಕ್ಕೆ ಕೂತು, ಹಿಮ ಕರಗಿ ದಾರಿ ತೆರೆದರೂ ಆಟ ಮುಗಿದಿಲ್ಲವೆಂದು ಮನೆಗೆ ಹೋಗದ ಇಬ್ಬರು ಹಗೆಗಳ ಕಥೆಯನ್ನೂ ಬಾಯ್ಕೆ ಹೇಳಿದರು. ಆಮೇಲೆ ಪುಟ ಮಗುಚಿದ ಜಿಪಾರ್‌ಳ ಕೈ ನಿಂತಿತು. ಮುಂದಿದ್ದದ್ದು ಕುದುರೆಯ ಕಥೆ. ಅವಳು ಅದನ್ನು ದಾಟಿಸಲು ಹೋದಳು. ಬಾಯ್ಕೆ ಅವಳ ಕೈ ತಡೆದು, ಕತ್ತಲಲ್ಲಿ ಹಾಲ್‌ನ ತುದಿಯ ಕಡೆಗೆ ಕೇಳಿದರು, “ಕಾಲಿಪಾ, ಇದೀಯೇನಮ್ಮ?”

ಆ ಪ್ರಶ್ನೆಯೂ ಮೇಜಿನಿಂದ ಮೇಜಿಗೆ ಹೋಯಿತು. ಉತ್ತರ ಹಾಗೇ ಬಂತು. “ಇದೀನಿ ಅಂದ್ರು.”

“ಹೇಳಲಾ?”

ಸ್ವಲ್ಪ ಹೊತ್ತಾಯಿತು. ನಮ್ಮ ಪಕ್ಕದ ಮೇಜಿನವನೊಬ್ಬ ತಿರುಗಿ ಹೇಳಿದ, “ಇರೋಷ್ಟೇ ಹೇಳಿ ಅಂತಿದಾರೆ.”

ಬಾಯ್ಕೆ ಇರುವಷ್ಟೇ ಹೇಳಿದರು. ಇಬ್ಬರೂ ಇರಲಿಲ್ಲ ಎಂದು ಬಾಯಿ ಮುಚ್ಚಿದರು. ಬೀಗರ ಮೇಜು ಸುಮ್ಮನಾಯಿತು. ಆಮೇಲೆ ಅದರ ಹಿಂದಿನ ಮೇಜು. ಸದ್ದಿಲ್ಲದಿರುವುದು ಕೂಡ ಹೀಗೆ ಮೇಜು ದಾಟಿ ಹೋಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಾಯ್ಕೆ ನಿಂತೇ ಇದ್ದರು. ಒಬ್ಬರೂ ಎದ್ದು ಹೋಗಲಿಲ್ಲ.

ಹಾಲ್‌ನ ತುದಿಯಲ್ಲಿ ನಡೆದದ್ದನ್ನು ಎಜೆಯೇ ನಮಗೆ ಹೇಳಿದ್ದು. ಹೆಣ್ಣಿನ ಸೋದರಮಾವ, ಕುದುರೆ ಸಾಕುವ ಒಬ್ಬ ಮುದುಕ, ಮಕ್ಕಳನ್ನು ಹುಡುಕಿಕೊಂಡು ಆ ಕಡೆ ಹೋದವನು ಅಲ್ಲೇ ಕೂತುಬಿಟ್ಟಿದ್ದನಂತೆ. ಕಥೆಯನ್ನು ಎಜೆಯ ಮೇಜಿಗೆ ತಲುಪಿಸಿದವನು ಅವನೇ.

“...ಅಪ್ಪ ಅದಕ್ಕೆ, ಬೆಳಗ್ಗೆ ನಿನ್ನ ಕಳಿಸಿಕೊಡ್ತೀನಿ ಅಂದನಂತೆ,” ಎಂದನಂತೆ ಮುದುಕ.

“ಬಿಟ್ಟುಬರ್ತೀನಿ ಅಂದ,” ಎಂದರು ಎಜೆ. “ಕಳಿಸಿಕೊಡ್ತೀನಿ ಅನ್ಲಿಲ್ಲ.”

“ನಿಮಗೆ ಹೇಗೆ ಗೊತ್ತು?”

“ನಾನು ಬಾಗಿಲ ಹತ್ರಾನೇ ನಿಂತಿದ್ದೆ.”

ಮುದುಕ ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದ, “ಕುದುರೆ ಯಾವ ಬಣ್ಣ?”

“ಕಂದು. ಹಣೆ ಮೇಲೆ ಬಿಳೀ ಚುಕ್ಕಿ. ಎಡಗಾಲು ಸ್ವಲ್ಪ ಎಳೀತಿತ್ತು.”

“ನಮ್ಮ ಕಡೆ ವಿಚಾರಿಸ್ತೀನಿ.”

ಹತ್ತಿರ ಹತ್ತಿರ ನಲವತ್ತು ವರ್ಷದ ಹಿಂದಿನ ಕುದುರೆ ಎಂದು ಅವನಿಗೂ ಗೊತ್ತಿತ್ತು, ಎಜೆಗೂ ಗೊತ್ತಿತ್ತು. “ಆಗಲಿ, ವಿಚಾರಿಸಿ,” ಎಂದರಂತೆ ಎಜೆ.

ಕರೆಂಟು ಬಂದಾಗ ಒಂದು ಕಥೆ ಇನ್ನೂ ದಾರಿಯಲ್ಲೇ ಇತ್ತು. ಸಂಗೀತ ಒಮ್ಮೆಲೆ ಬೊಬ್ಬಿಟ್ಟಿತು. ಹಿಂದಿನ ಮೇಜುಗಳಿಂದ “ಆರಿಸ್ರಯ್ಯಾ ಅದನ್ನ, ನಮಗಿನ್ನೂ ಬಂದಿಲ್ಲ,” ಎಂಬ ಗಲಾಟೆ. ಕುಬಾತ್ ಓಡಿಹೋಗಿ ತಾನೇ ಸಂಗೀತ ಆರಿಸಿದ. ವಾಪಸ್ ಬಂದು, “ಬಾಯ್ಕೆ, ನೀವು ದವಡೆಗೆ ವಿಶ್ರಾಂತಿ ಕೊಡಿ. ಜಿಪಾರ್ ಎಜೆ, ಆ ಪುಸ್ತಕ ಇತ್ತ ಕೊಡ್ತೀರಾ?” ಎಂದು ಜಿಪಾರ್‌ಳ ಮುಂದೆ ಕೈಯೊಡ್ಡಿದ. ಉಳಿದ ಸಂಜೆ ಹಾಡಿಗೊಂದು ಕಥೆ ಅವನೇ ಓದಿದ. ಚೆನ್ನಾಗಿಯೇ ಓದಿದ.

ಜನ ಹೊರಡುವ ಹೊತ್ತಿಗೆ ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಕೇಳತೊಡಗಿದರು. ಜಿಪಾರ್ ಒಬ್ಬೊಬ್ಬರಿಗೂ ಉತ್ತರ ಹೇಳುತ್ತಿದ್ದಾಗ ಮೆದೆರ್ ಸುಮ್ಮನೆ ಕಾರಿನ ಹತ್ತಿರ ಹೋದ. ಔತಣಕ್ಕೆ ಬಂದವರು ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಉಳಿದ ಮಾಂಸ, ಹಿಟ್ಟು ನಾದಿ ಕರಿದ ಬೋರ್ಸೋಕ್, ಮಿಠಾಯಿ ಎಲ್ಲ ಚೀಲಕ್ಕೆ ತುಂಬಿ ಮನೆಗೆ ಒಯ್ಯುತ್ತಾರೆ. ಅಡುಗೆಮನೆಯ ಹೆಂಗಸರು ಬಾಗಿಲ ಬಳಿ ಸಾಲಾಗಿಟ್ಟಿದ್ದ ಚೀಲಗಳಿಗೆ ಮೆದೆರ್ ಒಂದೊಂದು ಪುಸ್ತಕ ಇಳಿಸುತ್ತ ಬಂದ.

“ಏನ್ ಮಾಡ್ತಿದೀಯ?” ಎಂದಳು ಜಿಪಾರ್.

“ಡಿಕ್ಕಿ ಖಾಲಿ ಮಾಡ್ತಿದೀನಿ. ನಾಳೆ ಆಲೂಗಡ್ಡೆ ತರಬೇಕು.”

ಅವಳು ತಡೆಯುವ ಮೊದಲೇ ಶೈಲೋಬೆಕ್ ಅಡ್ಡ ಬಂದು, “ಹಾಕಲಿ ಬಿಡು ತಂಗಿ. ಅಷ್ಟೂ ನನ್ನ ಕಡೆಯಿಂದ. ಇವತ್ತು ನನ್ನ ಮಾನ ಉಳಿಸಿದ್ದು ಅದೇ ತಾನೆ,” ಎಂದ. ಜಾಹೀರಾತು ಕೊಡಲು ಮರೆಯುವ ಮನುಷ್ಯ ಈ ಮಾತನ್ನು ಮರೆಯಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು.

ಹೀಗೆ ‘ಅರ್ಧ ಬಟ್ಟಲು’ ಕುರಿಮಾಂಸದ ಜತೆ ಊರೂರಿಗೆ ಹೋಯಿತು. ಆಮೇಲೆ ನಾನು ಯಾರ ಮನೆಯಲ್ಲಿ ಆ ಪುಸ್ತಕ ಕಂಡರೂ ಅದರ ಮೇಲೊಂದು ಜಿಡ್ಡಿನ ಕಲೆ ಇರುತ್ತಿತ್ತು. ನರೀನ್ ಕಡೆಯಿಂದ ಪ್ರತಿ ಬೇಕೆಂದು ಫೋನುಗಳು ಬಂದವು. ಬಿಷ್ಕೆಕ್‌ನ ಪ್ರಕಾಶಕ ತಾನೇ ಫೋನು ಮಾಡಿ ಇನ್ನೊಂದು ಮುದ್ರಣ ಹಾಕುವ ಮಾತಾಡಿದ. ಪುಸ್ತಕ ಮಾರುವುದು ಹೇಗೆಂದು ನಿಮ್ಮಿಂದ ಕಲಿಯಬೇಕು ಎಂದೂ ಅಂದ. ಮಾಂಸ ಬೇಯಿಸಿ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಅವರವರ ಮನೆಯ ಕಥೆ ಹೇಳಲು ಕಚೇರಿಗೆ ಫೋನು ಮಾಡುವವರು ಬೇರೆ. ಒಬ್ಬ ಕುರುಬ ಬೆಟ್ಟದ ಮೇಲೆ ಸಿಗ್ನಲ್ ಸಿಗುವ ಒಂದೇ ಬಂಡೆಯನ್ನು ಹತ್ತಿ ನಿಂತು ಎರಡು ಸಾಲು ಹೇಳಿ, ಚಳಿ ಎಂದು ಇಟ್ಟುಬಿಟ್ಟ. ಚೆನ್ನಾಗಿತ್ತು. ಹಾಕಿದೆವು.

ಬೇಶೆನ್ ಬಾಯ್ಕೆಯ ಕೆನ್ನೆ ಇಳಿಯಿತು. ಅವರಿಗೆ ಮತ್ತೆ ಮದುವೆಗಳು ಬಂದವು. ಹಲ್ಲು ವಾಸಿಯಾದ ಮೇಲೆ ಅವರೇನು ಬದಲಾದರು ಎಂದುಕೊಳ್ಳಬೇಡಿ. ಏಳು ತಲೆಮಾರು, ತಲೆಮಾರಿಗೊಂದು ಕುದುರೆ, ಎಲ್ಲ ಮೊದಲಿನಂತೆಯೇ. ಆದರೆ ನಡುವೆ ಎಲ್ಲೋ ಒಂದು ಕಡೆ ಟೋಪಿ ತೆಗೆದು, ಪುಸ್ತಕದ ಒಂದು ಕಥೆಯನ್ನು ಇದ್ದ ಹಾಗೇ ಹೇಳಿ ನಿಲ್ಲಿಸುತ್ತಾರೆ. ನಿಲ್ಲಿಸಿ ಸುಮ್ಮನೆ ನಿಂತಿರುತ್ತಾರೆ. ಆ ಹೊತ್ತಿನಲ್ಲಿ ಅವರ ಕಣ್ಣು ಒಮ್ಮೆ ಬಾಗಿಲ ಕಡೆ ಹೋಗಿ ಬರುವುದನ್ನು ಹತ್ತಿರ ಕೂತವರು ಕಾಣಬಹುದು.

ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ಅತ್-ಬಾಶಿಯಿಂದ ಆ ಸೋದರಮಾವ ಕಚೇರಿಗೆ ಫೋನು ಮಾಡಿದ. ಆ ನರ್ಸಮ್ಮನಿಗೆ ಹೇಳಿ, ಎಲ್ಲ ಕಡೆ ವಿಚಾರಿಸಿದೆ, ಹಳಬರನ್ನೆಲ್ಲ ಕೇಳಿದೆ, ಯಾರಿಗೂ ಗೊತ್ತಿಲ್ಲ ಎಂದ. ಸ್ವಲ್ಪ ತಡೆದು, ನಮ್ಮ ಕುದುರೆಯೊಂದು ಮರಿ ಹಾಕಿದೆ, ಕಂದು ಬಣ್ಣ, ಹಣೆಯ ಮೇಲೆ ಚುಕ್ಕಿ, ಅದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ, ಆದರೂ ಬಂದು ನೋಡುವ ಹಾಗಿದ್ದರೆ ಬರಲಿ, ನಮ್ಮನೆಯಲ್ಲೇ ಉಳಿಯಲಿ ಎಂದ.

ಎಜೆ ಆಸ್ಪತ್ರೆಗೆ ರಜೆ ಹಾಕಿ ಹೋದರು. ಒಂದು ದಿನಕ್ಕೆಂದು ಹೋದವರು ವಾರ ಕಳೆದು ಬಂದರು. ಮುಖ ಬಿಸಿಲಿಗೆ ಕೆಂಪಾಗಿತ್ತು. ನೇರ ನಮ್ಮ ಕಚೇರಿಗೆ ಬಂದು, ಈ ಸಲ ಕೋಟು ಬಿಚ್ಚಿ ಕುರ್ಚಿಗೆ ನೇತುಹಾಕಿದರು.

ಜಿಪಾರ್‌ಳ ಕಣ್ಣು ಹೊಳೆಯಿತು. “ಎಜೆ, ಬರೆದುಕೊಡ್ತೀರಾ? ಮೂಲೆ ಖಾಲಿ ಇದೆ.”

“ಆ ಮೂಲೇಲಿ ಹಿಡಿಸಲ್ಲ ಕಣೆ,” ಎಂದರು ಕಾಲಿಪಾ ಎಜೆ. “ಇದು ಉದ್ದ ಇದೆ. ಚಹಾ ಇಡು, ಹೇಳ್ತೀನಿ.”

ಅವರು ಹೇಳುತ್ತ ಹೋದರು. ನಾವು ಕೇಳುತ್ತ ಕೂತೆವು. ಆ ವಾರ ಪುಟ ಪ್ರೆಸ್ಸಿಗೆ ತಡವಾಗಿ ಹೋಯಿತು.